ಹೌಸ್ ಫಿಂಚ್‌ಗೆ ಬಂದ ಕಣ್ಣುಬೇನೆ: ಹಿತ್ತಲಲ್ಲಿ ಪತ್ತೆಯಾದ ಒಂದು ಅಂಟುರೋಗ

1994ರ ಚಳಿಗಾಲ. ಅಮೆರಿಕದ ರಾಜಧಾನಿ ವಾಷಿಂಗ್ಟನ್ ಸುತ್ತಮುತ್ತ, ಮೇರಿಲ್ಯಾಂಡ್ ಮತ್ತು ವರ್ಜೀನಿಯಾದ ಮನೆಗಳ ಹಿತ್ತಲಿಗೆ ಕಾಳು ತಿನ್ನಲು ಬರುತ್ತಿದ್ದ ಕೆಲವು ಪುಟ್ಟ ಹಕ್ಕಿಗಳ ಕಣ್ಣು ಊದಿಕೊಂಡಿತ್ತು. ರೆಪ್ಪೆ ಕೆಂಪಾಗಿ ದಪ್ಪಗಾಗಿತ್ತು. ನೀರು ಸೋರಿ, ಗೀಜು ಒಣಗಿ, ಸುತ್ತಲಿನ ಗರಿಗಳು ಅಂಟಿಕೊಂಡಿದ್ದವು. ಕೆಲವಕ್ಕೆ ಒಂದು ಕಣ್ಣು, ಕೆಲವಕ್ಕೆ ಎರಡೂ ಮುಚ್ಚಿಹೋಗಿದ್ದವು. ನಮ್ಮಲ್ಲಿ ಮಕ್ಕಳಿಗೆ ಮದ್ರಾಸ್ ಐ ಬಂದಾಗ ಬೆಳಗ್ಗೆ ಎದ್ದ ಕೂಡಲೇ ಕಣ್ಣು ಹೇಗಿರುತ್ತೆ, ಹೆಚ್ಚುಕಡಿಮೆ ಹಾಗೇ.

ಇದನ್ನು ಮೊದಲು ಗಮನಿಸಿದವರು ಕಿಟಕಿಯಿಂದ ಹಕ್ಕಿ ನೋಡುವ ಮಾಮೂಲಿ ಜನ, ಮತ್ತು ಗಾಯಗೊಂಡ ಹಕ್ಕಿಗಳ ಆರೈಕೆ ಮಾಡುವವರು. ಒಂದು ಹಿತ್ತಲಲ್ಲಿ ಒಂದು ಹಕ್ಕಿ ಹೀಗಿದ್ದರೆ ಬೆಕ್ಕು ಪರಚಿರಬೇಕು, ಕಿಟಕಿ ಗಾಜಿಗೆ ಬಡಿದುಕೊಂಡಿರಬೇಕು ಅಂದುಕೊಂಡು ಸುಮ್ಮನಾಗಬಹುದು. ಆದರೆ ಬೇರೆ ಬೇರೆ ಊರುಗಳಿಂದ ಒಂದೇ ಥರದ ಸುದ್ದಿ ಬರತೊಡಗಿತು. ಹೆಚ್ಚಿನ ಕಡೆ ಹಕ್ಕಿಯೂ ಒಂದೇ: ಹೌಸ್ ಫಿಂಚ್.

ಹೌಸ್ ಫಿಂಚ್ ಗುಬ್ಬಿಯಷ್ಟು ದೊಡ್ಡದು, ಇಪ್ಪತ್ತು ಗ್ರಾಂ ಆಸುಪಾಸು ತೂಗುತ್ತದೆ. ಹೆಣ್ಣು ಪೂರ್ತಿ ಕಂದು, ಎದೆ ಮೇಲೆ ಮಸುಕು ಗೀರುಗಳು. ಗಂಡಿಗೆ ತಲೆ ಮತ್ತು ಎದೆ ಕೆಂಪು. ಚಳಿಗಾಲದಲ್ಲಿ ಕರ್ನಾಟಕಕ್ಕೆ ವಲಸೆ ಬರುವ ರೋಸ್‌ಫಿಂಚ್ ನೋಡಿದವರಿಗೆ ಇದರ ಚಹರೆ ಅಂದಾಜಾಗುತ್ತದೆ. ನಾನಿರುವುದು ಮೇರಿಲ್ಯಾಂಡ್‌ನಲ್ಲೇ, ನಮ್ಮ ಹಿತ್ತಲಿಗೂ ಇವು ದಿನಾ ಬರುತ್ತವೆ. ಗಲಾಟೆ ಜಾಸ್ತಿ, ಭಯ ಕಡಿಮೆ.

ತಮಾಷೆ ಅಂದರೆ ಇದು ಅಮೆರಿಕದ ಪೂರ್ವ ಭಾಗದ ಹಕ್ಕಿಯೇ ಅಲ್ಲ. ಮೂಲ ನೆಲೆ ಪಶ್ಚಿಮದ ರಾಜ್ಯಗಳು ಮತ್ತು ಮೆಕ್ಸಿಕೊ. 1940ರ ಹೊತ್ತಿಗೆ ನ್ಯೂಯಾರ್ಕ್‌ನ ಅಂಗಡಿಗಳಲ್ಲಿ ಇವನ್ನು 'ಹಾಲಿವುಡ್ ಫಿಂಚ್' ಅನ್ನುವ ಹೆಸರಲ್ಲಿ ಪಂಜರದ ಹಕ್ಕಿಯಾಗಿ ಮಾರುತ್ತಿದ್ದರು. ಅದು ಕಾನೂನಿಗೆ ವಿರುದ್ಧ. ಸಿಕ್ಕಿಬೀಳುವ ಭಯ ಶುರುವಾದಾಗ ಲಾಂಗ್ ಐಲ್ಯಾಂಡ್‌ನಲ್ಲಿ ಹಕ್ಕಿಗಳನ್ನು ಹಾರಿಬಿಟ್ಟರು. ಐವತ್ತು ವರ್ಷದೊಳಗೆ ಆ ಹಕ್ಕಿಗಳ ಸಂತಾನ ಪೂರ್ವ ಭಾಗದ ತುಂಬ ಹಬ್ಬಿತು. ಸ್ವಲ್ಪವೇ ಹಕ್ಕಿಗಳಿಂದ ಬೆಳೆದ ಬಳಗವಾದ್ದರಿಂದ ರೋಗ ತಡೆಯುವ ಶಕ್ತಿಯಲ್ಲಿ ವೈವಿಧ್ಯ ಕಡಿಮೆ ಇತ್ತು, ಅದಕ್ಕೇ ಕಾಯಿಲೆ ಹೀಗೆ ಹರಡಿತು ಅನ್ನುವ ವಾದ ಆಮೇಲೆ ಬಂತು. ನನಗೆ ಅದು ಪೂರ್ತಿ ಉತ್ತರ ಅನ್ನಿಸುವುದಿಲ್ಲ. ಯಾಕೆಂದರೆ 2000ದ ದಶಕದಲ್ಲಿ ರೋಗ ಪಶ್ಚಿಮಕ್ಕೆ ದಾಟಿತು, ಅಲ್ಲಿನ ಮೂಲ ಫಿಂಚ್‌ಗಳನ್ನೂ ಹಿಡಿಯಿತು.

ಕೋಳಿಯಿಂದ ಬಂದದ್ದು

ನಾರ್ತ್ ಕ್ಯಾರೊಲಿನಾ ಸ್ಟೇಟ್ ಯೂನಿವರ್ಸಿಟಿಯ ಡೇವಿಡ್ ಲೇ ಮತ್ತು ಜೊತೆಗಾರರು ಈ ಹಕ್ಕಿಗಳ ಕಣ್ಣಿನಿಂದ ಮೈಕೋಪ್ಲಾಸ್ಮಾ ಗ್ಯಾಲಿಸೆಪ್ಟಿಕಮ್ ಎಂಬ ಬ್ಯಾಕ್ಟೀರಿಯಾ ಬೇರ್ಪಡಿಸಿದರು. ಕೋಳಿ ಸಾಕುವವರಿಗೆ ಇದು ಹಳೇ ಶತ್ರು. ಗೊರಗೊರ ಉಸಿರು, ಮೂಗು ಸೋರುವುದು, ಮೊಟ್ಟೆ ಕಡಿಮೆಯಾಗುವುದು: ನಮ್ಮ ಕಡೆ ಕೋಳಿ ಫಾರಂನವರು ಸಿಆರ್‌ಡಿ (ಬೇಗ ಬಿಡದ ಉಸಿರಾಟದ ಕಾಯಿಲೆ) ಅನ್ನುತ್ತಾರಲ್ಲ, ಅದಕ್ಕೆ ಕಾರಣ ಇದೇ ಬ್ಯಾಕ್ಟೀರಿಯಾ. ಟರ್ಕಿ ಕೋಳಿಗಳಿಗೆ ತಗುಲಿದರೆ ಕಣ್ಣಿನ ಕೆಳಗೆ ಮುಖವೇ ಊದಿಕೊಳ್ಳುತ್ತದೆ. ಮನುಷ್ಯರಿಗೆ ಅಂಟುವುದಿಲ್ಲ. ಕಾಡಿನ ಪುಟ್ಟ ಹಕ್ಕಿಗಳಲ್ಲಿ ಇದು ಹೀಗೆ ಊರೂರಿಗೆ ಹರಡಿದ್ದನ್ನು ಮಾತ್ರ ಅದುವರೆಗೆ ಯಾರೂ ಕಂಡಿರಲಿಲ್ಲ.

ಈ ಬ್ಯಾಕ್ಟೀರಿಯಾಕ್ಕೆ ಕೋಶದ ಸುತ್ತ ಗಟ್ಟಿ ಗೋಡೆ ಇರುವುದಿಲ್ಲ. ಪೆನಿಸಿಲಿನ್ ಥರದ ಔಷಧಿಗಳು ಕೆಲಸ ಮಾಡುವುದೇ ಆ ಗೋಡೆಯನ್ನು ಕೆಡಿಸಿ. ಹಾಗಾಗಿ ಅವು ಇಲ್ಲಿ ನಡೆಯುವುದಿಲ್ಲ. ಗೋಡೆ ಇಲ್ಲದ್ದರಿಂದ ಹಕ್ಕಿಯ ಮೈಯಿಂದ ಆಚೆ ಇದು ಬಹಳ ಕಾಲ ಬದುಕುವುದೂ ಇಲ್ಲ. ಒಂದು ಹಕ್ಕಿಯಿಂದ ಇನ್ನೊಂದಕ್ಕೆ ಬೇಗ ದಾಟಬೇಕು. ಆ ದಾಟುವ ಕೆಲಸಕ್ಕೆ ನಾವು ಅನುಕೂಲ ಮಾಡಿಕೊಟ್ಟಿದ್ದೆವು. ಅದನ್ನು ಮುಂದೆ ಹೇಳುತ್ತೇನೆ.

ಚೆನ್ನಾಗಿರುವ ಹಕ್ಕಿಯನ್ನೂ ಬರೆಯಿರಿ

ಕಾರ್ನೆಲ್ ಯೂನಿವರ್ಸಿಟಿಯ ಪಕ್ಷಿ ಅಧ್ಯಯನ ಕೇಂದ್ರದವರ ಬಳಿ ಆಗಲೇ ಒಂದು ಜಾಲ ಇತ್ತು. 1987ರ ಚಳಿಗಾಲದಿಂದ ನಡೆಯುತ್ತಿದ್ದ ಪ್ರಾಜೆಕ್ಟ್ ಫೀಡರ್‌ವಾಚ್‌ನಲ್ಲಿ ಅಮೆರಿಕ, ಕೆನಡಾದ ಸಾವಿರಾರು ಮನೆಯವರು ತಮ್ಮ ಹಿತ್ತಲಿಗೆ ಯಾವ ಹಕ್ಕಿ ಎಷ್ಟು ಬಂತು ಅಂತ ಬರೆದು ಕಳಿಸುತ್ತಿದ್ದರು. 1994ರ ನವೆಂಬರ್‌ನಲ್ಲಿ ಈ ಜನರನ್ನೇ ನೆಚ್ಚಿಕೊಂಡು ಹೌಸ್ ಫಿಂಚ್ ರೋಗದ ಸಮೀಕ್ಷೆ ಶುರುವಾಯಿತು. ಇದರ ಹಿಂದಿದ್ದವರಲ್ಲಿ ಮುಖ್ಯರು ಆಂಡ್ರೆ ಡಾಂಟ್.

ಇಲ್ಲಿ ಅವರು ಮಾಡಿದ ಒಂದು ಸಣ್ಣ ಕೆಲಸ ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಕಾಯಿಲೆ ಹಕ್ಕಿ ಕಂಡರೆ ತಿಳಿಸಿ ಅಂತ ಮಾತ್ರ ಅವರು ಕೇಳಲಿಲ್ಲ. ನೋಡಿದ ದಿನ ಫಿಂಚ್ ಬಂದಿತ್ತೇ, ಬಂದಿದ್ದರೆ ಎಲ್ಲ ಚೆನ್ನಾಗಿದ್ದವೇ, ಕಣ್ಣು ಕೆಟ್ಟದ್ದು ಇತ್ತೇ, ಎಲ್ಲವನ್ನೂ ಬರೆಯಿರಿ ಅಂದರು. ನಮ್ಮ ಸ್ವಭಾವ ನೋಡಿ: ಏನಾದರೂ ವಿಚಿತ್ರ ಕಂಡರೆ ತಕ್ಷಣ ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸುತ್ತೇವೆ. ಎಲ್ಲ ಸರಿಯಿದ್ದ ದಿನ ಯಾರು ಬರೆಯುತ್ತಾರೆ? ಆದರೆ ಒಂದು ಊರಿಂದ ಸುದ್ದಿ ಬಂದಿಲ್ಲ ಅಂದರೆ ಅಲ್ಲಿ ರೋಗ ಇಲ್ಲ ಅಂತಲೋ, ಫಿಂಚೇ ಇಲ್ಲ ಅಂತಲೋ, ಯಾರೂ ನೋಡಲಿಲ್ಲ ಅಂತಲೋ ಹೇಗೆ ಗೊತ್ತಾಗಬೇಕು? 'ಬಂದಿದ್ದವು, ಎಲ್ಲ ಚೆನ್ನಾಗಿದ್ದವು' ಅನ್ನುವ ಬೇಜಾರು ಹಿಡಿಸುವ ಸಾಲುಗಳು ಕೈಯಲ್ಲಿದ್ದದ್ದರಿಂದಲೇ ರೋಗ ಯಾವ ಊರಿಗೆ ಯಾವಾಗ ಕಾಲಿಟ್ಟಿತು ಅನ್ನುವುದನ್ನು ನಕ್ಷೆಯ ಮೇಲೆ ತಿಂಗಳು ತಿಂಗಳಿಗೆ ಗುರುತಿಸಲು ಆಯಿತು. ಕಾಡುಪ್ರಾಣಿಗಳ ಅಂಟುರೋಗವನ್ನು ಶುರುವಿನಿಂದಲೇ ಇಷ್ಟು ಹತ್ತಿರದಿಂದ ಹಿಂಬಾಲಿಸಿದ ಉದಾಹರಣೆಗಳು ಬಹಳ ಕಡಿಮೆ.

ಆ ದಾಖಲೆಯಿಂದ ತಿಳಿದದ್ದು ಇಷ್ಟು. ಕೆಲವೇ ವರ್ಷಗಳಲ್ಲಿ ರೋಗ ಪೂರ್ವ ಭಾಗದ ಬಹುಪಾಲನ್ನು ಆವರಿಸಿತು. ಎಲ್ಲಿ ಫಿಂಚ್‌ಗಳು ಜಾಸ್ತಿ ಇದ್ದವೋ ಅಲ್ಲಿ ಹೊಡೆತವೂ ಜಾಸ್ತಿ. ಕೆಲವು ಕಡೆ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದು ಅಲ್ಲೇ ನಿಂತಿತು. ವರ್ಷವಿಡೀ ಒಂದೇ ಸಮ ಇರಲಿಲ್ಲ: ಬೇಸಿಗೆಯಲ್ಲಿ, ಗೂಡು ಕಟ್ಟುವ ಕಾಲದಲ್ಲಿ ಕಡಿಮೆ. ಸೆಪ್ಟೆಂಬರ್ ಕಳೆದು ಆ ವರ್ಷದ ಮರಿಗಳೆಲ್ಲ ದೊಡ್ಡವರ ಜೊತೆ ಹಿಂಡು ಕಟ್ಟಿಕೊಂಡು ಓಡಾಡುವಾಗ ಏರುತ್ತದೆ. ಚಳಿಗಾಲದ ಕೊನೆಗೆ ಮತ್ತೊಮ್ಮೆ. ಅಮೆರಿಕನ್ ಗೋಲ್ಡ್‌ಫಿಂಚ್, ಪರ್ಪಲ್ ಫಿಂಚ್‌ಗಳಲ್ಲೂ ಕಂಡಿದೆ, ಆದರೆ ಹೌಸ್ ಫಿಂಚ್‌ನಷ್ಟು ಜೋರಾಗಿ ಅಲ್ಲ.

ಫೀಡರ್‌ನ ತೂತಿನ ಅಂಚು

ಹಿತ್ತಲಲ್ಲಿ ತೂಗುಹಾಕುವ ಫೀಡರ್‌ಗಳಲ್ಲಿ ಕೊಳವೆಯಂಥದ್ದು ಒಂದಿದೆ. ಉದ್ದನೆ ಪ್ಲಾಸ್ಟಿಕ್ ಕೊಳವೆ, ಒಳಗೆ ಸೂರ್ಯಕಾಂತಿ ಬೀಜ, ಪಕ್ಕಗಳಲ್ಲಿ ತೂತು, ಪ್ರತಿ ತೂತಿನ ಕೆಳಗೆ ಕೂರಲು ಒಂದು ಕಡ್ಡಿ. ಕೊಳವೆ ತುಂಬ ಬೀಜ ಇದ್ದಾಗ ಹಕ್ಕಿ ಕೊಕ್ಕಿನ ತುದಿಯಲ್ಲಿ ಎತ್ತಿಕೊಳ್ಳುತ್ತದೆ. ಬೀಜ ಕೆಳಗಿಳಿದಂತೆ ತಲೆ ಒಳಗೆ ತೂರಿಸಬೇಕಾಗುತ್ತದೆ. ಆಗ ನೋಡಬೇಕು. ರೆಪ್ಪೆ ಆ ಪ್ಲಾಸ್ಟಿಕ್ ಅಂಚಿಗೆ ತಾಗುತ್ತದೆ. ಕಣ್ಣು ತುರಿಸುವ ಹಕ್ಕಿ ಆದರೆ ಬೇಕಂತಲೇ ಕಡ್ಡಿಗೂ ಅಂಚಿಗೂ ಉಜ್ಜುತ್ತದೆ. ಅದು ಎದ್ದ ತಕ್ಷಣ, ಸರದಿ ಕಾಯುತ್ತಿದ್ದ ಇನ್ನೊಂದು ಬಂದು ಅದೇ ತೂತಿಗೆ ತಲೆ ಹಾಕುತ್ತದೆ. ಬೇಗ ದಾಟಬೇಕಾದ ಬ್ಯಾಕ್ಟೀರಿಯಾಕ್ಕೆ ಇನ್ನೇನು ಬೇಕು?

ಇದು ಬರೀ ಊಹೆಯಲ್ಲ. ರೋಗದ ಹಕ್ಕಿ ಮುಟ್ಟಿದ ಫೀಡರ್‌ನಿಂದ ಮಾತ್ರವೇ, ಹಕ್ಕಿ ಹಕ್ಕಿ ಸೇರದೆಯೇ ಸೋಂಕು ತಗುಲಬಹುದು ಅಂತ ಪ್ರಯೋಗದಲ್ಲಿ ಕಂಡಿದೆ. ವರ್ಜೀನಿಯಾದಲ್ಲಿ ಫಿಂಚ್‌ಗಳಿಗೆ ಪುಟ್ಟ ಎಲೆಕ್ಟ್ರಾನಿಕ್ ಗುರುತು ಹಾಕಿ, ಯಾವುದು ಫೀಡರ್ ಮೇಲೆ ಎಷ್ಟು ಹೊತ್ತು ಕೂರುತ್ತದೆ ಅಂತ ಅಳೆದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ರೋಗ ಹಚ್ಚಿಕೊಳ್ಳುವುದಕ್ಕೂ ಹಚ್ಚುವುದಕ್ಕೂ ಮುಖ್ಯವಾದದ್ದು ಹಕ್ಕಿಗೆ ಎಷ್ಟು ಗೆಳೆಯರಿದ್ದಾರೆ ಅನ್ನುವುದಕ್ಕಿಂತ ಫೀಡರ್ ಮೇಲೆ ಅದು ಎಷ್ಟು ಹೊತ್ತು ಕಳೆಯುತ್ತದೆ ಅನ್ನುವುದು.

ಇನ್ನೊಂದು ವಿಷಯ ಓದಿದಾಗ ನಗುವೂ ಬಂತು, ಪಾಪ ಅಂತಲೂ ಅನ್ನಿಸಿತು. ಫಿಂಚ್‌ಗಳು ಊಟಕ್ಕೆ ಕೂತಾಗ ಒಂದನ್ನೊಂದು ಕುಕ್ಕಿ ಓಡಿಸುತ್ತವೆ. ಕಾಯಿಲೆ ಬಿದ್ದ ಹಕ್ಕಿ ಜಗಳಕ್ಕೆ ಬರುವುದಿಲ್ಲ. ಹಾಗಾಗಿ ಗಂಡು ಫಿಂಚ್‌ಗಳು ಆರಾಮಾಗಿ ತಿನ್ನಬಹುದು ಅಂತ ಕಾಯಿಲೆ ಹಕ್ಕಿಯ ಪಕ್ಕವೇ ಜಾಗ ಹಿಡಿಯುವುದು ಪ್ರಯೋಗವೊಂದರಲ್ಲಿ ಕಂಡುಬಂತು.

ಕಣ್ಣಿಗಿಂತ ಮೊದಲು ಕಾಣುವುದು

ಊದಿದ ಕಣ್ಣು ಯಾರಿಗಾದರೂ ಗೊತ್ತಾಗುತ್ತದೆ, ಹಕ್ಕಿ ಆ ಕಡೆಯ ಕೆನ್ನೆ ನಮ್ಮತ್ತ ತಿರುಗಿಸಿದರೆ. ಒಂದೇ ಕಣ್ಣು ಕೆಟ್ಟಿದ್ದರೆ, ಅದು ಆಚೆ ಕಡೆ ಇದ್ದರೆ, ಏನೂ ಕಾಣುವುದಿಲ್ಲ. ನಡವಳಿಕೆ ಮಾತ್ರ ಎಲ್ಲ ಕಡೆಯಿಂದಲೂ ಕಾಣುತ್ತದೆ.

ಕಳೆದ ಸಲ ಅತ್ತೆ ಹಾಸನದಿಂದ ಬಂದು ನಮ್ಮ ಜೊತೆ ಇದ್ದಾಗ ಒಂದು ಬೆಳಗ್ಗೆ ಕಾಫಿ ಹಿಡಿದು ಕಿಟಕಿ ಹತ್ತಿರ ನಿಂತಿದ್ದರು. ಅವರು ಹಿಂದೆ ನಾಟಿ ಕೋಳಿ ಸಾಕಿದವರು. "ಆ ಹಕ್ಕಿಗೆ ಹುಷಾರಿಲ್ಲ ಕಣಮ್ಮ" ಅಂದರು. ನನಗೇನೂ ಕಾಣಲಿಲ್ಲ. "ಯಾವ್ದು ಅತ್ತೆ?" ಅಂದೆ. "ಅಗೋ, ಅಳಿಲು ಬಂದಾಗ ಎಲ್ಲ ಪುರ್ರಂತ ಹಾರಿದ್ವಲ್ಲ, ಅದೊಂದು ಹಾರ್ಲೇ ಇಲ್ಲ ನೋಡು. ಕೋಳಿನೂ ಹಂಗೇ, ಮೊದ್ಲು ಮಂಕಾಗುತ್ತೆ." ಸ್ವಲ್ಪ ಹೊತ್ತಿಗೆ ಆ ಹಕ್ಕಿ ತಿರುಗಿತು. ಬಲಗಣ್ಣು ಸೀಳಿನಷ್ಟೇ ತೆರೆದಿತ್ತು.

ಅತ್ತೆ ನೋಡಿದ್ದು ಸರಿಯಾದ ಜಾಗವನ್ನೇ. ಸೋಂಕು ತಗುಲಿದ ಫಿಂಚ್‌ಗಳು ಬೇಟೆಗಾರರು ಹತ್ತಿರ ಬಂದಾಗ ಬೇಗ ಎಚ್ಚರವಾಗುವುದಿಲ್ಲ ಅಂತ ಸಂಶೋಧಕರೂ ಕಂಡಿದ್ದಾರೆ. ಪುಟ್ಟ ಹಕ್ಕಿಗಳು ಆದಷ್ಟು ದಿನ ಕಾಯಿಲೆ ಮುಚ್ಚಿಡುತ್ತವೆ, ಸೋತ ಹಾಗೆ ಕಂಡರೆ ಗಿಡುಗದ ಕಣ್ಣು ಬೀಳುತ್ತದೆ. ಹಾಗಾಗಿ ಕಾಯಿಲೆ ನಮ್ಮ ಕಣ್ಣಿಗೆ ಕಾಣುವ ಹೊತ್ತಿಗೆ ಅದು ಆಗಲೇ ಬಲಿತಿರುತ್ತದೆ. ಉಳಿದ ಗುರುತುಗಳೂ ಇದೇ ಜಾತಿಯವು. ಬಿಸಿಲಿದ್ದರೂ ಗರಿ ಉಬ್ಬಿಸಿಕೊಂಡು ಮುದುಡಿ ಕೂರುವುದು. ಹಿಂಡು ಹೋದ ಮೇಲೂ ಒಂಟಿಯಾಗಿ ಫೀಡರ್ ಮೇಲೆ ಉಳಿಯುವುದು. ಬೀಜಕ್ಕೆ ಗುರಿಯಿಟ್ಟು ಪಕ್ಕಕ್ಕೆ ಕುಕ್ಕುವುದು. ಕೊಂಬೆ ಮೇಲೆ ಇಳಿಯುವಾಗ ತಡವರಿಸುವುದು. ಪದೇ ಪದೇ ಮುಖ ಉಜ್ಜುವುದು.

ಈ ರೋಗ ನೇರವಾಗಿ ಕೊಲ್ಲುವುದು ಕಡಿಮೆ. ಪಂಜರದಲ್ಲಿ ಊಟ, ನೀರು ಸಿಗುವ ಹಕ್ಕಿಗಳಲ್ಲಿ ಬಹಳಷ್ಟು ಚೇತರಿಸಿಕೊಳ್ಳುತ್ತವೆ. ಹೊರಗಿರುವ ಹಕ್ಕಿ ಕಣ್ಣು ಕಾಣದೆ ಹಸಿವಿನಿಂದ, ಚಳಿಯಿಂದ, ಇಲ್ಲ ಬೆಕ್ಕು, ಗಿಡುಗಗಳ ಬಾಯಿಗೆ ಬಿದ್ದು ಸಾಯುತ್ತದೆ. ಇನ್ನೊಂದು ಸ್ವಾರಸ್ಯ: ಪ್ರಯೋಗವೊಂದರಲ್ಲಿ ಹೆಚ್ಚು ಕೆಂಪಗಿದ್ದ ಗಂಡುಗಳು ಬೇಗ ಗುಣವಾದವು. ಆ ಕೆಂಪು ಬರುವುದು ತಿಂದ ಆಹಾರದಿಂದ.

ಹಾಗಂತ ಕಣ್ಣು ಮುಚ್ಚಿದ ಪ್ರತಿ ಹಕ್ಕಿಗೂ ಇದೇ ಕಾಯಿಲೆ ಅಲ್ಲ. ಹಕ್ಕಿಗಳ ಸಿಡುಬಿನಲ್ಲಿ ರೆಪ್ಪೆ, ಕೊಕ್ಕಿನ ಬುಡ, ಕಾಲು, ಹೀಗೆ ಗರಿ ಇಲ್ಲದ ಕಡೆ ಗಂಟು ಗಂಟಾಗಿ ಏಳುತ್ತದೆ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ತಗುಲಿದ್ದು ತೂಕಡಿಸುತ್ತಾ ಕೂರುತ್ತದೆ, ಹತ್ತಿರ ಹೋದರೂ ಏಳುವುದಿಲ್ಲ, ಆದರೆ ಸಾಮಾನ್ಯವಾಗಿ ಕಣ್ಣಲ್ಲಿ ಗೀಜು ಇರುವುದಿಲ್ಲ. ಇದರ ಬಗ್ಗೆ ಹುಷಾರಾಗಿರಬೇಕು, ಮನುಷ್ಯರಿಗೂ ಬರುತ್ತದೆ. 2021ರಲ್ಲಿ ಪೈನ್ ಸಿಸ್ಕಿನ್ ಹಕ್ಕಿಗಳಲ್ಲಿ ಇದು ಹಬ್ಬಿದಾಗ ಅಮೆರಿಕದಲ್ಲಿ ಕೆಲವು ಜನರಿಗೂ ತಗುಲಿತ್ತು. ಟ್ರೈಕೊಮೊನಾಸ್ ಎಂಬ ಪರೋಪಜೀವಿಯಾದರೆ ಗಂಟಲು ಕಟ್ಟುತ್ತದೆ: ಕೊಕ್ಕಿನ ಸುತ್ತ ಜೊಲ್ಲು, ನುಂಗಲು ಕಷ್ಟ, ತಿಂದದ್ದು ಹೊರಗೆ. ಬ್ರಿಟನ್ನಿನಲ್ಲಿ 2005ರಿಂದ ಈಚೆಗೆ ಗ್ರೀನ್‌ಫಿಂಚ್‌ಗಳನ್ನು ಲಕ್ಷಗಟ್ಟಲೆ ಕೊಂದದ್ದು ಇದೇ ರೋಗ. ಇನ್ನು ಆಗಸ್ಟ್ ಹೊತ್ತಿಗೆ ಬ್ಲೂ ಜೇ, ಕಾರ್ಡಿನಲ್ ಹಕ್ಕಿಗಳ ತಲೆ ಗರಿಯೆಲ್ಲ ಉದುರಿ ಬೋಳಾಗುತ್ತದೆ. ನೋಡಲು ಭಯಂಕರ, ಕಾಯಿಲೆ ಏನೂ ಅಲ್ಲ. ಗರಿ ಬದಲಾಗುವ ಕಾಲ, ಅಷ್ಟೇ.

ಮದ್ದು ಹಾಕಬೇಕಾ?

ಕಾಯಿಲೆ ಹಕ್ಕಿ ನೋಡಿದ ಕೂಡಲೇ ಮೊದಲು ಬರುವ ಯೋಚನೆ ಇದೇ ಅಲ್ವಾ? ಕೋಳಿಗೆ ಕೊಡುವ ಆಂಟಿಬಯಾಟಿಕ್ ನೀರಿಗೆ ಬೆರೆಸಿಟ್ಟರೆ ಆಯಿತು ಅಂತ. ಬೇಡ. ಯಾವ ಹಕ್ಕಿ ಎಷ್ಟು ಕುಡಿಯಿತು ಅನ್ನುವುದು ನಮ್ಮ ಕೈಯಲ್ಲಿಲ್ಲ. ಕಾಯಿಲೆ ಇಲ್ಲದ ಹತ್ತು ಹಕ್ಕಿಗಳೂ ಕುಡಿಯುತ್ತವೆ. ಅರೆಬರೆ ಮದ್ದಿನಿಂದ ಬ್ಯಾಕ್ಟೀರಿಯಾ ಔಷಧಿಗೇ ಒಗ್ಗಿಕೊಳ್ಳಬಹುದು. ಕಣ್ಣು ತೆರೆದ ಹಕ್ಕಿ ಒಳಗೆ ಸೋಂಕು ಇಟ್ಟುಕೊಂಡೇ ಹಿಂಡಿಗೆ ವಾಪಸ್ ಹೋಗಬಹುದು. ಅಮೆರಿಕದಲ್ಲಿ ಪರವಾನಗಿ ಇಲ್ಲದೆ ಕಾಡುಹಕ್ಕಿ ಹಿಡಿದು ಮನೆಯಲ್ಲಿಟ್ಟುಕೊಳ್ಳುವುದಕ್ಕೂ ಕಾನೂನು ಬಿಡುವುದಿಲ್ಲ. ಹಿಡಿಯಲು ಆಗುವಷ್ಟು ನಿತ್ರಾಣವಾಗಿದ್ದರೆ ಪರವಾನಗಿ ಇರುವ ಆರೈಕೆ ಕೇಂದ್ರಕ್ಕೆ ಫೋನ್ ಮಾಡಬೇಕು.

ನಮ್ಮ ಕೈಯಲ್ಲಿರುವುದು ಫೀಡರ್ ಇಳಿಸುವುದು. ಅತ್ತೆ ತೋರಿಸಿದ ದಿನವೇ ನಾವು ಇಳಿಸಿದೆವು. ಒಂದೆರಡು ವಾರ ಬಿಟ್ಟರೆ ಹಿಂಡು ಬೇರೆ ಬೇರೆ ಕಡೆ ಚದುರುತ್ತದೆ. ಹಕ್ಕಿಗಳು ಉಪವಾಸ ಬೀಳುವುದಿಲ್ಲ, ಅವಕ್ಕೆ ನಮ್ಮ ಬೀಜ ಬರೀ ಮೇಲೋಗರ. ಫೀಡರನ್ನು ಬಿಚ್ಚಿ, ಸೋಪು ನೀರಲ್ಲಿ ಉಜ್ಜಿ, ಒಂಬತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ಹತ್ತು ನಿಮಿಷ ಮುಳುಗಿಸಿಡಬೇಕು. ಆಮೇಲೆ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಬೇಕು. ಒಣಗಿಸುವುದನ್ನು ಜನ ಮರೆಯುತ್ತಾರೆ. ಕೆಳಗೆ ಬಿದ್ದ ಸಿಪ್ಪೆ, ಹಿಕ್ಕೆ ಗುಡಿಸಬೇಕು. ಊರಲ್ಲಿ ಬೇಸಿಗೆಗೆ ತಾರಸಿ ಮೇಲೆ ನೀರಿನ ಬಟ್ಟಲು ಇಡುವವರಿಗೂ ಈ ಮಾತು ಸಲ್ಲುತ್ತದೆ: ನೀರು ಮೇಲಿಂದ ಮೇಲೆ ತುಂಬಿಸಿದರೆ ಸಾಲದು, ಬಟ್ಟಲು ಉಜ್ಜಬೇಕು. ಫೀಡರ್ ಮತ್ತೆ ಏರಿಸುವಾಗ ಒಂದೇ ಕಡೆ ನಾಲ್ಕು ನೇತುಹಾಕುವ ಬದಲು ದೂರ ದೂರ ಇಟ್ಟರೆ ಗುಂಪು ಕಡಿಮೆಯಾಗುತ್ತದೆ.

ರೋಗ ಮೆತ್ತಗಾಯಿತೇ?

ಹೊಸ ರೋಗ ಬಂದಾಗ ಮೊದಲು ಜೋರಾಗಿರುತ್ತದೆ, ಬರಬರುತ್ತಾ ಮೆತ್ತಗಾಗುತ್ತದೆ ಅಂತ ಒಂದು ನಂಬಿಕೆ ಇದೆ. ಇಲ್ಲಿ ಹಾಗಾಗಲಿಲ್ಲ. ಬೇರೆ ಬೇರೆ ವರ್ಷಗಳಲ್ಲಿ ಸಂಗ್ರಹಿಸಿಟ್ಟಿದ್ದ ಬ್ಯಾಕ್ಟೀರಿಯಾಗಳನ್ನು ಹೋಲಿಸಿ ನೋಡಿದಾಗ, ರೋಗ ಒಂದು ಕಡೆ ನೆಲೆಯೂರಿದ ಮೇಲೆ ಅದರ ತೀವ್ರತೆ ಏರುತ್ತಾ ಹೋದದ್ದು ಕಂಡಿತು. ಕಾರಣ ಕುತೂಹಲದ್ದು. ಗುಣವಾದ ಹಕ್ಕಿಗೆ ಬರುವ ರೋಗನಿರೋಧಕ ಶಕ್ತಿ ಅರ್ಧಂಬರ್ಧ. ಸೌಮ್ಯ ತಳಿ ಮತ್ತೆ ಬಂದರೆ ಹಕ್ಕಿಯ ಮೈ ಅದನ್ನು ತಡೆಯುತ್ತದೆ. ಉಗ್ರ ತಳಿ ಮಾತ್ರ ಆ ತಡೆ ದಾಟಿ ಮತ್ತೆ ಹರಡಬಲ್ಲದು. ಹೀಗೆ ಗುಣವಾದ ಹಕ್ಕಿಗಳು ಜಾಸ್ತಿ ಇರುವ ಹಿಂಡಿನಲ್ಲಿ ಉಗ್ರ ತಳಿಗೇ ಲಾಭ. 2018ರಲ್ಲಿ ಪ್ರಕಟವಾದ ಈ ಕೆಲಸವನ್ನು ಹಕ್ಕಿಗಳಾಚೆಗೂ, ಅಪೂರ್ಣ ರಕ್ಷಣೆ ಕೊಡುವ ಲಸಿಕೆಗಳ ಚರ್ಚೆಯಲ್ಲೂ ಗಮನಿಸಲಾಯಿತು.

2021ರ ಬೇಸಿಗೆಯಲ್ಲಿ ಇದೇ ವಾಷಿಂಗ್ಟನ್ ಸುತ್ತಮುತ್ತ ಮತ್ತೆ ಊದಿದ ಕಣ್ಣಿನ ಹಕ್ಕಿಗಳು ಕಂಡವು. ಈ ಸಲ ಫಿಂಚ್‌ಗಳಲ್ಲ. ಗ್ರ್ಯಾಕಲ್, ಬ್ಲೂ ಜೇ, ರಾಬಿನ್, ಸ್ಟಾರ್ಲಿಂಗ್, ಅದರಲ್ಲೂ ಹೊಸದಾಗಿ ಗೂಡು ಬಿಟ್ಟ ಮರಿಗಳು. ಕಣ್ಣಿನ ಜೊತೆಗೆ ತೂರಾಡುವುದು, ನಡುಗುವುದು ಬೇರೆ. ಹಳೇ ಕಣ್ಣುಬೇನೆಯೇ ವಾಪಸ್ ಬಂತು ಅಂತ ಅನ್ನಿಸುವುದು ಸಹಜ. ಆದರೆ ಹಕ್ಕಿಯ ಜಾತಿ, ವಯಸ್ಸು, ಕಾಲ, ನಡವಳಿಕೆ, ಯಾವುದೂ ಅದಕ್ಕೆ ಹೊಂದುತ್ತಿರಲಿಲ್ಲ. ಫೀಡರ್ ಇಳಿಸಿ ಅಂತ ಹಲವು ರಾಜ್ಯಗಳು ಜನರನ್ನು ಕೇಳಿಕೊಂಡವು. ಲ್ಯಾಬ್‌ಗಳಲ್ಲಿ ಹಕ್ಕಿಜ್ವರ, ವೆಸ್ಟ್ ನೈಲ್ ವೈರಸ್, ಸಾಲ್ಮೊನೆಲ್ಲಾ, ಟ್ರೈಕೊಮೊನಾಸ್ ಒಂದೊಂದಾಗಿ ಪಟ್ಟಿಯಿಂದ ಹೊರಬಿದ್ದವು. ಹದಿನೇಳು ವರ್ಷಕ್ಕೊಮ್ಮೆ ನೆಲದಿಂದ ಏಳುವ ಸಿಕಾಡಾ ಹುಳುಗಳು ಅದೇ ಬೇಸಿಗೆ ಎದ್ದಿದ್ದವು, ಅವನ್ನು ತಿಂದದ್ದೇ ಕಾರಣ ಇರಬಹುದೇ ಅನ್ನುವ ಮಾತೂ ನಡೆಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ಸುದ್ದಿಗಳು ತಾವಾಗಿ ನಿಂತವು. ಕಾರಣ ಸಿಗಲಿಲ್ಲ.

ಇಂಥ ಹಕ್ಕಿ ಕಂಡರೆ ಇಲ್ಲಿ ರಾಜ್ಯದ ವನ್ಯಜೀವಿ ಇಲಾಖೆಗೆ ತಿಳಿಸಬೇಕು. ಕರ್ನಾಟಕದಲ್ಲಾದರೆ, ಹಕ್ಕಿಗಳು ಗುಂಪಾಗಿ ಸಾಯುತ್ತಿದ್ದರೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ. ಬರಿಗೈಯಲ್ಲಿ ಮುಟ್ಟಬೇಡಿ. ದಿನಾಂಕ, ಜಾಗ, ಯಾವ ಹಕ್ಕಿ, ಮರಿಯೋ ದೊಡ್ಡದೋ, ಎರಡೂ ಕಡೆಯಿಂದ ತೆಗೆದ ಫೋಟೋ, ಜೊತೆಗೆ ಆ ಹೊತ್ತಿನಲ್ಲಿ ಅಲ್ಲಿ ಚೆನ್ನಾಗಿದ್ದ ಹಕ್ಕಿಗಳು ಎಷ್ಟಿದ್ದವು ಅನ್ನುವುದನ್ನೂ ಬರೆದುಕೊಡಿ.